ಮಹಿಳೆಯರಿಗೆ ನೋವಿಲ್ಲದ ಸೈಕಲ್ ಸೀಟು: ಅಳೆಯುವುದು, ಆರಿಸುವುದು, ಕೂರಿಸುವುದು

ಭಾನುವಾರ ಬೆಳಗಿನ ಜಾವ ಮೈಸೂರಿನಿಂದ ಚಾಮುಂಡಿ ಬೆಟ್ಟಕ್ಕೆ ಸೈಕಲ್ ತುಳಿಯುವ ನಮ್ಮ ಗುಂಪಿಗೆ ಹೊಸದಾಗಿ ಸೇರುವ ಮಹಿಳೆಯರಲ್ಲಿ ಹಲವರು ಎರಡನೆಯ ತಿಂಗಳಿಗೆ ಬರುವುದನ್ನೇ ನಿಲ್ಲಿಸಿಬಿಡುತ್ತಾರೆ. ಕೇಳಿದರೆ ಮಕ್ಕಳ ಪರೀಕ್ಷೆ, ಮನೆಗೆ ನೆಂಟರು ಎಂದು ಏನೋ ಒಂದು ಕಾರಣ ಹೇಳುತ್ತಾರೆ. ಒಬ್ಬರೇ ಸಿಕ್ಕಾಗ ಮಾತ್ರ ದನಿ ತಗ್ಗಿಸಿ, "ಅಕ್ಕಾ, ಸೀಟಿನ ಮೇಲೆ ಕೂರೋಕೇ ಆಗಲ್ಲ, ಆಮೇಲೆ ಎರಡು ದಿನ ಉರಿ" ಎನ್ನುತ್ತಾರೆ. ಅಂಗಡಿಯಲ್ಲಿ ಇದನ್ನು ಬಾಯಿಬಿಟ್ಟು ಹೇಳಲು ಸಂಕೋಚ. "ಸೀಟು ಗಟ್ಟಿ" ಎಂದಷ್ಟೇ ಹೇಳುತ್ತಾರೆ. ಅಂಗಡಿಯವರು ಮೆತ್ತನೆಯ ಜೆಲ್ ಕವರ್ ಒಂದನ್ನು ತೆಗೆದುಕೊಡುತ್ತಾರೆ. ನೋವು ಮೊದಲಿಗಿಂತ ಹೆಚ್ಚಾಗುತ್ತದೆ. ನಾನೂ ಎರಡು ವರ್ಷ ಇದೇ ದಾರಿಯಲ್ಲಿ ನಡೆದು, ಮೂರು ಸೀಟುಗಳಿಗೆ ಹಣ ಸುರಿದ ಮೇಲೆ ಒಂದು ವಿಷಯ ತಿಳಿಯಿತು. ಸೀಟು ಎಷ್ಟು ಮೆತ್ತಗಿದೆ ಎಂದು ಒತ್ತಿ ನೋಡುವುದಕ್ಕೆ ಮೊದಲು, ಅದರ ಅಗಲ ನಮ್ಮ ಮೂಳೆಗೆ ಹೊಂದುತ್ತದೆಯೇ ಎಂದು ಅಳೆದು ನೋಡಬೇಕು.

ಗಟ್ಟಿ ನೆಲದ ಮೇಲೆ ಕುಳಿತಾಗ ಪೃಷ್ಠದ ಅಡಿಯಲ್ಲಿ ಎರಡು ಉಬ್ಬು ಮೂಳೆಗಳು ನೆಲಕ್ಕೆ ಒತ್ತುವುದು ತಿಳಿಯುತ್ತದೆ. ಇವುಗಳನ್ನು ಕೂರುವ ಮೂಳೆಗಳು ಎನ್ನೋಣ. ದೇಹದ ಭಾರ ಹೊರಬೇಕಾದುದು ಇವೇ. ಸೀಟು ಕಿರಿದಾಗಿದ್ದರೆ ಮೂಳೆಗಳೆರಡೂ ಅಂಚಿನಿಂದ ಆಚೆ ಜಾರಿ, ಭಾರವೆಲ್ಲ ನಡುವಿನ ಮೃದು ಭಾಗದ ಮೇಲೆ, ಅಂದರೆ ನರಗಳೂ ರಕ್ತನಾಳಗಳೂ ದಟ್ಟವಾಗಿರುವ ಯೋನಿಯ ಸುತ್ತಲಿನ ಚರ್ಮದ ಮೇಲೆ ಬೀಳುತ್ತದೆ. ಜೋಮು, ಊತ, ಉರಿ ಬರುವುದು ಹೀಗೆ. ಸೀಟು ಅತಿ ಅಗಲವಾಗಿದ್ದರೆ ಪ್ರತಿ ತುಳಿತಕ್ಕೂ ಒಳತೊಡೆ ಅಂಚಿಗೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ಸರಾಸರಿಯಲ್ಲಿ ಹೆಂಗಸರ ಸೊಂಟದ ಮೂಳೆಯ ಕಮಾನು ಗಂಡಸರದಕ್ಕಿಂತ ಅಗಲವಿರುವುದು ನಿಜವಾದರೂ, ಒಬ್ಬ ಹೆಂಗಸಿಗೂ ಇನ್ನೊಬ್ಬ ಹೆಂಗಸಿಗೂ ಇರುವ ವ್ಯತ್ಯಾಸ ಅದಕ್ಕಿಂತ ದೊಡ್ಡದು. ತೆಳ್ಳಗಿರುವವರ ಮೂಳೆಗಳ ನಡುವೆ ಹೆಚ್ಚು ಅಂತರವಿರಬಹುದು, ದಪ್ಪಗಿರುವವರಲ್ಲಿ ಕಡಿಮೆ ಇರಬಹುದು. ಆದ್ದರಿಂದ 'ಲೇಡೀಸ್ ಸೀಟು' ಎಂಬ ಚೀಟಿಯನ್ನು ನಂಬಿ ಹಣ ಕೊಡಬೇಡಿ.

ಮೊದಲ ಹೆಜ್ಜೆ: ಮೂಳೆಗಳ ಅಂತರ ಅಳೆಯುವುದು

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಆದ್ದರಿಂದ ನಿಧಾನವಾಗಿ ಓದಿ.

ಪಾರ್ಸೆಲ್ ಬರುವ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ, ಒಳಗೆ ಅಲೆಅಲೆಯಾಗಿರುವ ರಟ್ಟಿನಿಂದ ಒಂದೂವರೆ ಅಡಿ ಚೌಕದ ಮೂರು ತುಂಡುಗಳನ್ನು ಕತ್ತರಿಸಿಕೊಳ್ಳಿ. ಕೂರಲು ಅಡುಗೆಮನೆಯ ಮಣೆ, ಮೆಟ್ಟಿಲ ಕೆಳಗಿನ ಹಂತ ಅಥವಾ ಗಿಡ್ಡ ಮರದ ಸ್ಟೂಲು, ಇವುಗಳಲ್ಲಿ ಯಾವುದಾದರೂ ಆದೀತು. ಮೇಲ್ಮೈ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಸೋಫಾ, ಕುಶನ್ ಕುರ್ಚಿ, ಹಾಸಿಗೆಯ ಅಂಚು ಬೇಡವೇ ಬೇಡ, ಏಕೆಂದರೆ ಭಾರ ಹರಡಿ ರಟ್ಟಿನ ಮೇಲೆ ಗುಳಿಯೇ ಬೀಳುವುದಿಲ್ಲ. ಜೀನ್ಸ್ ಕಳಚಿ ತೆಳು ಬಟ್ಟೆ ತೊಡಿ, ಏಕೆಂದರೆ ಹಿಂದಿನ ಜೇಬಿನ ದಪ್ಪ ಹೊಲಿಗೆಯ ಗುರುತನ್ನೇ ಮೂಳೆಯ ಗುರುತೆಂದು ಅಳೆದವರನ್ನು ನಾನು ಕಂಡಿದ್ದೇನೆ.

ರಟ್ಟಿನ ಮೇಲೆ ಮೆಲ್ಲನೆ ಕುಳಿತು, ಸೈಕಲ್ಲಿನ ಹ್ಯಾಂಡಲ್ ಹಿಡಿದಾಗ ಎಷ್ಟು ಬಾಗುತ್ತೀರೋ ಅಷ್ಟೇ ಮುಂದಕ್ಕೆ ಬಾಗಿ, ಮೊಣಕೈಗಳನ್ನು ಮೊಣಕಾಲಿನ ಮೇಲೆ ಊರಿ. ಹಿಮ್ಮಡಿ ಎತ್ತಿ, ಕಾಲ್ಬೆರಳ ಮೇಲೆ ನಿಂತಂತೆ ಮಾಡಿದರೆ ಮೊಣಕಾಲು ಸೊಂಟಕ್ಕಿಂತ ಮೇಲೆ ಬಂದು ಮೂಳೆಗಳು ಚೆನ್ನಾಗಿ ಒತ್ತುತ್ತವೆ. ಆಮೇಲೆ ಮೊಣಕೈ ತೆಗೆದು, ಬಾಗಿದಂತೆಯೇ ಎರಡೂ ಕೈಗಳಿಂದ ಸ್ಟೂಲಿನ ಅಂಚನ್ನು ಹಿಡಿದು ದೇಹವನ್ನು ಕೆಳಕ್ಕೆಳೆದುಕೊಂಡು ಅರ್ಧ ನಿಮಿಷ ಅಲುಗಾಡದೆ ಇರಿ. ಏಳುವಾಗ ಮಗ್ಗುಲಿಗೆ ಹೊರಳಬೇಡಿ, ಹಿಂದಕ್ಕೆ ಜಾರಬೇಡಿ, ನೆಟ್ಟಗೆ ಮೇಲೇಳಿ. ಇಲ್ಲವಾದರೆ ಗುಳಿ ಎಳೆದಂತಾಗಿ ಉದ್ದವಾಗುತ್ತದೆ.

ಈಗ ರಟ್ಟನ್ನು ಕತ್ತಲ ಮೂಲೆಗೆ ಒಯ್ದು, ಮೊಬೈಲಿನ ಟಾರ್ಚನ್ನು ರಟ್ಟಿನ ಮಟ್ಟಕ್ಕೇ ಇಳಿಸಿ ಪಕ್ಕದಿಂದ ಬೆಳಕು ಬಿಡಿ. ಎರಡು ಗುಳಿಗಳ ನೆರಳು ಹಲಸಿನ ಬೀಜದ ಆಕಾರದಲ್ಲಿ ಕಾಣುತ್ತದೆ. ಕಾಣದಿದ್ದರೆ ಪೆನ್ಸಿಲಿನ ಮಗ್ಗುಲನ್ನು ಹಗುರವಾಗಿ ಉಜ್ಜಿ. ಸುತ್ತ ಕಪ್ಪಾಗಿ, ಗುಳಿಯ ತಳ ಮಾತ್ರ ಬಿಳಿಚಿಕೊಂಡು ಉಳಿಯುತ್ತದೆ. ಪ್ರತಿ ಗುಳಿಯ ಅತ್ಯಂತ ಆಳದ ಜಾಗಕ್ಕೆ ಚುಕ್ಕೆಯಿಟ್ಟು, ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಸ್ಕೇಲಿನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಿರಿ. ಗುಳಿಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯುವುದು ಸಾಮಾನ್ಯವಾಗಿ ಆಗುವ ತಪ್ಪು. ಅದರಿಂದ ಬೇಕಾದುದಕ್ಕಿಂತ ಬಹಳ ಅಗಲದ ಸೀಟು ಮನೆಗೆ ಬರುತ್ತದೆ. ಮೂರನೆಯ ಗುಳಿ ನಡುವೆ ಹಿಂದುಗಡೆ ಕಂಡರೆ ನೀವು ಹಿಂದಕ್ಕೆ ಒರಗಿ ಬೆನ್ನೆಲುಬಿನ ತುದಿಯನ್ನು ಊರಿದ್ದೀರಿ ಎಂದರ್ಥ; ಮತ್ತೆ ಕುಳಿತುಕೊಳ್ಳಿ. ಮೂರು ತುಂಡುಗಳಲ್ಲಿಯೂ ಅಳೆದು, ಅಳತೆಗಳ ನಡುವೆ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಇನ್ನೊಮ್ಮೆ ಮಾಡಿ. ವಯಸ್ಕರಲ್ಲಿ ಈ ಅಂತರ ಸುಮಾರು 100ರಿಂದ 160 ಮಿ.ಮೀ.ವರೆಗೆ ಇರುತ್ತದೆ.

ಎರಡನೆಯ ಹೆಜ್ಜೆ: ಅಳತೆಯಿಂದ ಸೀಟಿನ ಅಗಲಕ್ಕೆ

ಸೀಟಿನ ಅಗಲವೆಂದು ಅಂಗಡಿಯಲ್ಲಿ ಹೇಳುವುದು ಅದರ ಅತ್ಯಂತ ಅಗಲವಾದ ಹಿಂಭಾಗದ ಹೊರ ಅಂಚುಗಳ ಅಂತರ. ಅಂಚು ಇಳಿಜಾರಾಗಿರುವುದರಿಂದ ಮೂಳೆ ನಿಲ್ಲುವ ಜಾಗ ಅದಕ್ಕಿಂತ ಕಡಿಮೆ. ಇದಲ್ಲದೆ ನಾವು ಮುಂದಕ್ಕೆ ಬಾಗಿದಷ್ಟೂ ಸೊಂಟದ ಮೂಳೆಯ ಇಕ್ಕಟ್ಟಾದ ಭಾಗ ಸೀಟಿಗೆ ತಾಗುತ್ತದೆ, ನೆಟ್ಟಗೆ ಕುಳಿತಷ್ಟೂ ಅಗಲವಾದ ಭಾಗ ತಾಗುತ್ತದೆ. ಹಾಗಾಗಿ ಹ್ಯಾಂಡಲ್ ಎತ್ತರವಾಗಿರುವ, ಬುಟ್ಟಿ ಇರುವ ಲೇಡೀಸ್ ಸೈಕಲ್ಲಿಗೆ ನಿಮ್ಮ ಅಳತೆಗೆ 30 ಮಿ.ಮೀ. ಸೇರಿಸಿ, ನೇರ ಹ್ಯಾಂಡಲ್ಲಿನ ಹೈಬ್ರಿಡ್ ಸೈಕಲ್ಲಿಗೆ 20ರಿಂದ 25, ಕೆಳಕ್ಕೆ ಬಾಗಿ ಹಿಡಿಯುವ ರೋಡ್ ಸೈಕಲ್ಲಿಗೆ 10ರಿಂದ 15. ನನ್ನ ಅಂತರ 128 ಮಿ.ಮೀ. ಹೈಬ್ರಿಡ್ ಸೈಕಲ್ಲಿಗೆ 150 ಬೇಕು. ಎರಡು ವರ್ಷ ನಾನು ಕುಳಿತಿದ್ದ ಸೀಟು 135 ಮಿ.ಮೀ.ನದು.

ಮೂರನೆಯ ಹೆಜ್ಜೆ: ಮೆತ್ತೆ, ಮೂತಿ, ನಡುವಿನ ಸೀಳು

ಹೆಬ್ಬೆರಳಿನಿಂದ ಸೀಟನ್ನು ಬಲವಾಗಿ ಒತ್ತಿ. ಬೆರಳು ತಳದ ಪ್ಲಾಸ್ಟಿಕ್ಕಿಗೆ ತಾಗುವಷ್ಟು ಒಳಗೆ ಹೋದರೆ ಆ ಸೀಟನ್ನು ಅಲ್ಲಿಯೇ ಬಿಡಿ. ಅಷ್ಟು ಮೆತ್ತನೆಯ ಸೀಟಿನಲ್ಲಿ ಮೂಳೆ ಹೂತುಹೋಗಿ, ಅದು ತಳ್ಳಿದ ಮೆತ್ತೆ ನಡುವೆ ಉಬ್ಬಿ ಮೃದು ಭಾಗವನ್ನೇ ಒತ್ತುತ್ತದೆ. ದಾರ ಕಟ್ಟಿ ತೊಡಿಸುವ ಜೆಲ್ ಕವರುಗಳಲ್ಲಿ ಈ ದೋಷದ ಜೊತೆಗೆ ಜಾರಾಟವೂ ಸೇರುತ್ತದೆ. ತರಕಾರಿ ತರಲು, ಎರಡು ಕಿಲೋಮೀಟರ್ ದೂರದ ಶಾಲೆಗೆ ಹೋಗಲು ಸ್ಪ್ರಿಂಗ್ ಇರುವ ಅಗಲದ ಸೀಟೇ ಸಾಕು. ದಿನಕ್ಕೆ ಒಂದು ಗಂಟೆ ತುಳಿಯುವವರು ಸ್ವಲ್ಪ ಗಟ್ಟಿಯಾದ ಫೋಮ್ ಇರುವುದನ್ನೇ ಕೊಳ್ಳಬೇಕು.

ನಡುವೆ ಉದ್ದಕ್ಕೂ ಸೀಳು ಅಥವಾ ತೆರಪು ಇರುವ, ಗಿಡ್ಡ ಮೂತಿಯ (ಮೂತಿ ಎಂದರೆ ಸೀಟಿನ ಮುಂದೆ ಚಾಚಿದ ಕಿರಿದಾದ ಭಾಗ) ಸೀಟನ್ನೇ ನಾನು ಎಲ್ಲರಿಗೂ ಹೇಳುತ್ತೇನೆ. ಇದು ಹೊಸ ಫ್ಯಾಷನ್ನೇನೂ ಅಲ್ಲ. 1890ರ ದಶಕದಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ಹೆಂಗಸರು ಸೈಕಲ್ ಹತ್ತಿದ ಕಾಲದಲ್ಲಿಯೇ ನಡುವೆ ತೆರಪು ಬಿಟ್ಟ ಸೀಟುಗಳು ಮಾರುಕಟ್ಟೆಗೆ ಬಂದಿದ್ದವು. 1985ರಲ್ಲಿ ಮಹಿಳೆಯರಿಗೆಂದೇ ಸೈಕಲ್ ಕಂಪನಿ ಆರಂಭಿಸಿದ ಅಮೆರಿಕದ ಎಂಜಿನಿಯರ್ ಜಾರ್ಜಿನಾ ಟೆರ್ರಿ, 1990ರ ದಶಕದ ಆರಂಭದಲ್ಲಿ ಇಂಥ ಸೀಟನ್ನು ಮತ್ತೆ ಬಳಕೆಗೆ ತಂದರು. ಕೆಲವರಿಗೆ ತೆರಪಿನ ಅಂಚೇ ಒತ್ತುತ್ತದೆ. ಅವರು ಆಳವಿಲ್ಲದ ತೋಡು ಇರುವುದನ್ನು ನೋಡಲಿ.

ಅಂಗಡಿಯ ಮುಂದೆ ಐದು ನಿಮಿಷ ತುಳಿದು ತೀರ್ಮಾನಿಸಬೇಡಿ, ಏಕೆಂದರೆ ತೊಂದರೆ ಕೊಡುವ ಸೀಟು ಕೂಡ ಮೊದಲ ಅರ್ಧ ಗಂಟೆ ಹಿತವಾಗಿಯೇ ಇರುತ್ತದೆ. ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿಯೇ ಹಣ ಕೊಡಿ. ಗೆಳತಿಯರ ಬಳಿ ನಿಮ್ಮ ಅಗಲದ ಸೀಟಿದ್ದರೆ ಒಂದು ವಾರಕ್ಕೆ ಕೇಳಿ ಪಡೆಯುವುದು ಇನ್ನೂ ಒಳ್ಳೆಯದು.

ನಾಲ್ಕನೆಯ ಹೆಜ್ಜೆ: ಕೂರಿಸುವುದು

ಎತ್ತರದ ವಿಷಯ ಸುಲಭ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲ್ ಅತ್ಯಂತ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ಪೂರ್ತಿ ನೇರವಾಗಬೇಕು. ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ. ಇದಕ್ಕಿಂತ ಎತ್ತರವಾದರೆ ಸೊಂಟ ಅತ್ತಿತ್ತ ಓಲಾಡಿ ಚರ್ಮ ಉಜ್ಜುತ್ತದೆ, ತಗ್ಗಾದರೆ ಕಾಲು ಹೊರಬೇಕಾದ ಭಾರವೂ ಸೀಟಿಗೇ ಬೀಳುತ್ತದೆ. 2006-07ರಿಂದ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದ ಕಾಲದಲ್ಲಿ, ಮನೆಗೆ ಬಂದ ದಿನದ ಎತ್ತರದಲ್ಲಿಯೇ ಎಸ್ಸೆಸ್ಸೆಲ್ಸಿವರೆಗೆ ತುಳಿದ ಹುಡುಗಿಯರನ್ನು ನೋಡಿದ್ದೇನೆ. ಆ ವಯಸ್ಸಿನ ಮಕ್ಕಳು ಬೇಗ ಬೆಳೆಯುತ್ತಾರೆ. ಆರು ತಿಂಗಳಿಗೊಮ್ಮೆ ತಂದೆ ತಾಯಿ ಸೀಟನ್ನು ಏರಿಸಿಕೊಡಬೇಕು, ಆದರೆ ಸೀಟಿನ ಕಂಬದ ಮೇಲಿನ ಮಿತಿ ಗೆರೆ ಹೊರಗೆ ಕಾಣುವಷ್ಟು ಏರಿಸಬಾರದು.

ಓರೆಯ ವಿಷಯ ಅಷ್ಟು ಸುಲಭವಲ್ಲ. ಸೀಟಿನ ಉದ್ದಕ್ಕೆ ಗಟ್ಟಿ ರಟ್ಟಿನ ಪುಸ್ತಕವಿಟ್ಟು, ಅದರ ಮೇಲೆ ಮೊಬೈಲಿನ ಮಟ್ಟ ತೋರಿಸುವ ಆ್ಯಪ್ ತೆರೆದು, ಮೊದಲು ಸೊನ್ನೆ ಡಿಗ್ರಿಗೆ ತನ್ನಿ. ಎರಡು ದಿನ ತುಳಿದ ಮೇಲೂ ಮುಂಭಾಗದಲ್ಲಿ ಒತ್ತಡವಿದ್ದರೆ ಮೂತಿಯನ್ನು ಒಂದು ಡಿಗ್ರಿ, ಹೆಚ್ಚೆಂದರೆ ಎರಡು ಡಿಗ್ರಿ ತಗ್ಗಿಸಿ. ನೋವು ತಾಳಲಾರದೆ ಮೂತಿಯನ್ನು ಒಮ್ಮೆಲೇ ನೆಲಕ್ಕೆ ಬಾಗಿಸುವವರು ಮುಂದಕ್ಕೆ ಜಾರುತ್ತ, ಭಾರವನ್ನೆಲ್ಲ ಅಂಗೈಗೆ ಕೊಟ್ಟು, ವಾರದೊಳಗೆ ಬೆರಳು ಜೋಮು ಹಿಡಿಯುತ್ತಿದೆ ಎನ್ನುತ್ತಾರೆ. ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ಸೀಟಿನ ಅಡಿಯ ಕ್ಲ್ಯಾಂಪಿಗೆ ಹಲ್ಲುಗಳಿರುತ್ತವೆ. ನಟ್ ಸಡಿಲವಾದರೆ ಗುಂಡಿಗೆ ಬಿದ್ದಾಗಲೆಲ್ಲ ಒಂದು ಹಲ್ಲು ಹಾರಿ ಮೂತಿ ಮೇಲೇಳುತ್ತದೆ. ಕಳೆದ ವರ್ಷ ಬೆಟ್ಟದ ತಿರುವಿನಲ್ಲಿ ಅಳುತ್ತ ನಿಂತಿದ್ದ ಕಾಲೇಜು ಹುಡುಗಿಯ ಸೀಟಿನ ಮೂತಿ ಎರಡು ಬೆರಳಿನಷ್ಟು ಎದ್ದಿತ್ತು. ಪಾನಾ ಹಿಡಿದು ಎರಡೂ ಕಡೆಯ ನಟ್ಟನ್ನು ಸಡಿಲಿಸಿ, ಮಟ್ಟ ಮಾಡಿ, ಬಿಗಿದುಕೊಟ್ಟೆವು. ಅವಳು ಅದೇ ಸೀಟಿನಲ್ಲಿ ಈಗಲೂ ತುಳಿಯುತ್ತಿದ್ದಾಳೆ.

ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಹಳೆಯ ಜಾಗಕ್ಕೆ ಉಗುರು ಬಣ್ಣದಿಂದ ಗುರುತು ಹಾಕಿಡಿ.

ಬಟ್ಟೆ

ಸೀಟು ಸರಿಯಿದ್ದೂ ಉರಿ ಉಳಿದರೆ ಬಟ್ಟೆಯನ್ನು ನೋಡಿ. ಜೀನ್ಸಿನಲ್ಲಿ ನಾಲ್ಕು ಹೊಲಿಗೆ ಕೂಡುವ ಗಂಟು ಸರಿಯಾಗಿ ಕೂರುವ ಜಾಗದಲ್ಲಿಯೇ ಇರುತ್ತದೆ. ಮೆತ್ತೆ ಹೊಲಿದ ಸೈಕಲ್ ಚಡ್ಡಿಯನ್ನು ಒಳ ಉಡುಪಿಲ್ಲದೆ, ನೇರವಾಗಿ ಮೈಗೆ ತೊಡಬೇಕು. ಒಳಗೆ ಇನ್ನೊಂದು ಬಟ್ಟೆ ಹಾಕಿದರೆ ಅದರ ಎಲಾಸ್ಟಿಕ್ ಅಂಚೇ ಚರ್ಮವನ್ನು ಉಜ್ಜುತ್ತದೆ. ಮೇಲೆ ಚೂಡಿದಾರ ಅಥವಾ ಸಡಿಲ ಪ್ಯಾಂಟ್ ತೊಡಲು ಅಡ್ಡಿಯಿಲ್ಲ. ಬೆವರಿದ ಚಡ್ಡಿಯನ್ನು ಒಗೆಯದೆ ಎರಡನೆಯ ದಿನ ತೊಡಬೇಡಿ.

ಹೊಸ ಸೀಟಿನಲ್ಲಿ ಮೊದಲ ಎರಡು ವಾರ ಮೂಳೆಯ ಜಾಗದಲ್ಲಿ ಹದವಾದ ನೋವಿರುವುದು ಸಹಜ, ಅದು ಕಳೆಯುತ್ತದೆ. ಜೋಮು ಮಾತ್ರ ಒಂದು ದಿನವೂ ಸಹಜವಲ್ಲ; ಜೋಮು ಬಂದರೆ ಇಳಿದು ನಿಲ್ಲಿ, ಓರೆಯನ್ನೂ ಅಗಲವನ್ನೂ ಮತ್ತೆ ನೋಡಿ. ಇತ್ತೀಚೆಗೆ ಹೆರಿಗೆಯಾದವರು ವೈದ್ಯರನ್ನು ಕೇಳಿಯೇ ಸೈಕಲ್ ಹತ್ತಬೇಕು. ಸೈಕಲ್ ಬಿಟ್ಟ ಕೆಲವು ದಿನಗಳ ಮೇಲೂ ಊತ, ಗಂಟು ಅಥವಾ ಮೂತ್ರದ ಉರಿ ಉಳಿದರೆ ಸ್ತ್ರೀರೋಗ ತಜ್ಞರ ಬಳಿ ಹೋಗಿ, ಸೈಕಲ್ ತುಳಿಯುವ ವಿಷಯವನ್ನು ಮುಚ್ಚಿಡದೆ ಹೇಳಿ.