ಪಿಯುಸಿ ಮುಗಿಸಿ ಮುಂಬಯಿಗೆ: ಹೆಸರು, ಪಾಸು, ಕೇಟಿ

ಕಟಾಫ್ ದಾಟಿ ಮುಂಬಯಿ ವಿಶ್ವವಿದ್ಯಾಲಯದ ಕಾಲೇಜೊಂದರಲ್ಲಿ ಸೀಟು ಸಿಕ್ಕಿದ ಮೇಲೆ ಮೊದಲು ಕೈಕೊಡುವುದು ನಿಮ್ಮ ಹೆಸರೇ. ನಮ್ಮ ಅಂಕಪಟ್ಟಿಯಲ್ಲಿ 'ಸುಮಾ ಕೆ.ಎನ್.' ಎಂದಿದ್ದರೆ ನಡೆಯುತ್ತದೆ. ಇಲ್ಲಿನ ಅರ್ಜಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಎಂದು ನಾಲ್ಕನ್ನೂ ಬೇರೆಬೇರೆ ಕೇಳುತ್ತದೆ. ಅಡ್ಡಹೆಸರಿನ ಜಾಗದಲ್ಲಿ ಒಂದು ಅರ್ಜಿಗೆ ಊರಿನ ಹೆಸರು, ಇನ್ನೊಂದಕ್ಕೆ ಅಪ್ಪನ ಹೆಸರು ಬರೆದಿರೋ, ಮೂರು ವರ್ಷ ತಿದ್ದುಪಡಿಗೆ ಅಲೆದಾಟ. ಡಿಜಿಲಾಕರ್‌ನ ಎಬಿಸಿ ಐಡಿ (ನೀವು ಗಳಿಸಿದ ಕ್ರೆಡಿಟ್‌ಗಳು ಜಮೆಯಾಗುವ ಖಾತೆಯ ಸಂಖ್ಯೆ) ಆಧಾರ್‌ನಲ್ಲಿರುವ ಹೆಸರನ್ನೇ ಎತ್ತಿಕೊಳ್ಳುತ್ತದೆ. ಅದು ಕಾಲೇಜಿನ ದಾಖಲೆಗೆ ತಾಳೆಯಾಗದಿದ್ದರೆ ಕ್ರೆಡಿಟ್ ಜಮೆಯಾಗದೆ ನೇತಾಡುತ್ತದೆ. ಆದ್ದರಿಂದ ಇನಿಷಿಯಲ್ ಬಿಡಿಸಿ ಪೂರ್ತಿ ಹೆಸರು ಬರೆಸುವ ಕೆಲಸ ಊರಲ್ಲೇ, ಆಧಾರ್‌ನಲ್ಲೇ ಮೊದಲು ಆಗಲಿ. ಆಮೇಲೆ ಅದೇ ಸ್ಪೆಲಿಂಗನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಪ್ರತಿ ಅರ್ಜಿಗೂ ನೋಡಿ ಬರೆಯಿರಿ.

ಮೈಗ್ರೇಷನ್ ಸರ್ಟಿಫಿಕೇಟನ್ನೂ (ಬೇರೆಡೆ ಓದಲು ಹೋಗುವವರಿಗೆ ನಮ್ಮ ಮಂಡಳಿ ಕೊಡುವ ಪತ್ರ) ಊರು ಬಿಡುವ ಮೊದಲೇ ತೆಗೆಸಿಕೊಳ್ಳಿ. ಹೊರರಾಜ್ಯದ ಮಂಡಳಿಯಿಂದ ಬಂದವರ ಪ್ರವೇಶ ವಿಶ್ವವಿದ್ಯಾಲಯದ ಅರ್ಹತಾ ಒಪ್ಪಿಗೆ (ಎಲಿಜಿಬಿಲಿಟಿ) ಸಿಗುವ ತನಕ ತಾತ್ಕಾಲಿಕ. ಮೈಗ್ರೇಷನ್ ಕಾಗದ ಇಲ್ಲದೆ ಕಡತ ಮುಂದೆ ಸಾಗದು. ಗುಮಾಸ್ತರು 'ಎಲ್‌ಸಿ' ಕೇಳಿದರೆ ಗಾಬರಿ ಬೇಡ, ನಮ್ಮ ಟಿಸಿಗೇ ಇಲ್ಲಿ ಆ ಹೆಸರು. ಮೂಲಪ್ರತಿ ಕೊಡುವ ಮುನ್ನ ಐದಾರು ಜೆರಾಕ್ಸ್ ಮಾಡಿಸಿ, ಕೊಟ್ಟದ್ದಕ್ಕೆ ಸಹಿ-ಮೊಹರು ಇರುವ ರಸೀದಿ ಪಡೆಯಿರಿ. ಕಿಟಕಿಯಿಂದ 'ಉದ್ಯಾ ಯಾ' ಎಂಬ ಉತ್ತರ ಬಂದರೆ ನಾಳೆ ಬನ್ನಿ ಎಂದರ್ಥ. ಯಾವ ಕಾಗದ ಕಡಿಮೆಯಿದೆ ಎಂದು ಬರೆಸಿಕೊಳ್ಳದೆ ಅಲ್ಲಿಂದ ಕದಲಬೇಡಿ. ಇಲ್ಲದಿದ್ದರೆ ನಾಳೆ ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂತು ಇನ್ನೊಂದು ಕಾಗದ ಕೇಳುತ್ತಾರೆ.

ಲೋಕಲ್ ರೈಲಿನ ವಿದ್ಯಾರ್ಥಿ ಪಾಸಿಗೆ ಅರ್ಧ ದರ. ಕಾಲೇಜು ಕೊಡುವ ಕನ್ಸೆಷನ್ ಫಾರ್ಮಿನಲ್ಲಿ ಮನೆ ಹತ್ತಿರದ ಸ್ಟೇಷನ್, ಕಾಲೇಜು ಹತ್ತಿರದ ಸ್ಟೇಷನ್ ಎರಡನ್ನೂ ಸರಿಯಾಗಿ ತುಂಬಿಸಿ. ತಿದ್ದಿ ಬರೆದ ಫಾರ್ಮ್ ಕೌಂಟರಿನಲ್ಲಿ ವಾಪಸ್ ಬರುತ್ತದೆ. ತಿಂಗಳ ಪಾಸಿಗಿಂತ ಮೂರು ತಿಂಗಳದ್ದು ಲೇಸು, ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಹೊಸಬರು ಸಿಕ್ಕಿಬೀಳುವುದು ಹೀಗೆ: ಡೊಂಬಿವಲಿಯಲ್ಲಿ ಮನೆ, ಮಾಟುಂಗಾದಲ್ಲಿ ಕಾಲೇಜು. ಫಾಸ್ಟ್ ಲೋಕಲ್ ಮಾಟುಂಗಾದಲ್ಲಿ ನಿಲ್ಲದೆ ನೇರ ದಾದರಿಗೆ ಹೋಗುತ್ತದೆ. ನಿಮ್ಮ ಪಾಸು ಮಾಟುಂಗಾಕ್ಕೇ ಮುಗಿದಿದೆ. ದಾದರ್‌ನಲ್ಲಿ ಟಿಕೆಟ್ ತಪಾಸಕರು ಹಿಡಿದರೆ ಟಿಕೆಟ್ ಇಲ್ಲದ ಪ್ರಯಾಣಕ್ಕೆ ದಂಡ. ಕುರ್ಲಾದವರೆಗೆ ಫಾಸ್ಟ್‌ನಲ್ಲಿ ಬಂದು ಅಲ್ಲಿ ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುವ ಸ್ಲೋ ಲೋಕಲ್ ಹಿಡಿಯಿರಿ. ಹೊರಮೈಯಲ್ಲಿ ಓರೆಪಟ್ಟೆ ಬಳಿದ ಡಬ್ಬಿ ಫಸ್ಟ್ ಕ್ಲಾಸು. ಬಾಗಿಲು ಖಾಲಿ ಕಂಡಿತೆಂದು ಹತ್ತಿದರೆ ಅದಕ್ಕೂ ದಂಡ. ಬೆಳಗಿನ ಗದ್ದಲದಲ್ಲಿ ಪುಸ್ತಕ ಬಿಡಿಸುವ ಆಸೆ ಬಿಡಿ, ಒಂದು ಕೈ ಹಿಡಿಕೆಗೇ ಬೇಕು. ಅಂಗೈಯಗಲದ ಕಾರ್ಡುಗಳಲ್ಲಿ ಸೂತ್ರ, ವ್ಯಾಖ್ಯೆ ಬರೆದಿಟ್ಟುಕೊಂಡರೆ ನಿಂತೇ ಓದಬಹುದು.

ಜುಲೈ-ಆಗಸ್ಟ್‌ನ ದೊಡ್ಡ ಮಳೆಗೆ ಸಯನ್-ಕುರ್ಲಾ ನಡುವೆ ಹಳಿಯ ಮೇಲೆ ನೀರು ನಿಂತು ಸೆಂಟ್ರಲ್ ಲೈನ್ ಸ್ತಬ್ಧವಾಗುವುದುಂಟು. ಆ ದಿನಗಳಲ್ಲಿ ಟೆಸ್ಟ್ ಇದ್ದರೆ ಒಂದೂವರೆ ಗಂಟೆ ಮುಂಚೆ ಹೊರಡಿ, ಜರ್ನಲನ್ನು (ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ) ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ. ಶಾಯಿ ಹರಡಿದ ಜರ್ನಲನ್ನು ಮತ್ತೆ ಬರೆಯುವ ಶಿಕ್ಷೆ ಯಾರಿಗೂ ಬೇಡ. ಭಾನುವಾರದ ಹೆಚ್ಚುವರಿ ತರಗತಿಗೆ ಮೆಗಾಬ್ಲಾಕ್ (ಹಳಿ ದುರಸ್ತಿಗೆಂದು ಕೆಲವು ಗಂಟೆ ರೈಲು ನಿಲ್ಲಿಸುವುದು) ಇದೆಯೇ ಎಂದು ನೋಡಿಕೊಂಡು ಹೊರಡಿ.

ಇನ್ನು ಕೇಟಿ. ಇದು ಎಟಿಕೆಟಿಯ (ಅಲೌಡ್ ಟು ಕೀಪ್ ಟರ್ಮ್ಸ್) ಚುಟುಕು ಹೆಸರು. ಅಂದರೆ ಫೇಲಾದ ವಿಷಯವನ್ನು ಬೆನ್ನಿಗೆ ಕಟ್ಟಿಕೊಂಡೇ ಮುಂದಿನ ತರಗತಿಗೆ ಹೋಗುವ ಅವಕಾಶ. ಬುದ್ಧಿವಂತರೂ ಇದಕ್ಕೆ ಬೀಳುವುದು ಹೆಚ್ಚಾಗಿ ಇಂಟರ್ನಲ್‌ನಲ್ಲಿ. ಇಂಟರ್ನಲ್ ಮತ್ತು ಸೆಮಿಸ್ಟರ್ ಪರೀಕ್ಷೆ ಎರಡರಲ್ಲೂ ಬೇರೆಬೇರೆ ಪಾಸಾಗಬೇಕಾದ ಕೋರ್ಸಿನಲ್ಲಿ ಥಿಯರಿಗೆ ಎಷ್ಟೇ ಬಂದರೂ ಸಬ್ಮಿಷನ್ ತಪ್ಪಿದವರು ಫೇಲು. ಹಾಜರಿ ಶೇ. 75ಕ್ಕಿಂತ ಕೆಳಗಿಳಿದರೆ ಡಿಫಾಲ್ಟರ್ ಪಟ್ಟಿಯಲ್ಲಿ ಹೆಸರು ಬರುತ್ತದೆ. ಕಾಯಿಲೆ ಬಿದ್ದರೆ ಡಾಕ್ಟರ್ ಚೀಟಿಯನ್ನು ಅದೇ ವಾರ ಕೊಡಿ, ಪಟ್ಟಿ ಅಂಟಿಸಿದ ಮೇಲೆ ತಂದದ್ದಕ್ಕೆ ಬೆಲೆ ಕಡಿಮೆ. ಕೇಟಿ ಪರೀಕ್ಷೆಗೆ ಪ್ರತ್ಯೇಕ ಫಾರ್ಮ್, ಪ್ರತ್ಯೇಕ ಶುಲ್ಕ, ಪ್ರತ್ಯೇಕ ಕೊನೆಯ ದಿನ ಇರುತ್ತದೆ. ಶುಲ್ಕ ಕಟ್ಟಿದ ರಸೀದಿಯಲ್ಲಿ ಸೆಮಿಸ್ಟರ್ ಮತ್ತು ಪೇಪರಿನ ಕೋಡನ್ನು ಕೌಂಟರಿನ ಎದುರೇ ನಿಂತು ಓದಿ. ಕೋಡ್ ತಪ್ಪಿದ್ದರೆ ಹಾಲ್ ಟಿಕೆಟ್ಟಿನಲ್ಲಿ ಆ ವಿಷಯವೇ ಇರುವುದಿಲ್ಲ.