ಕಿತ್ತಳೆ ದೀಪ ಹತ್ತುವ ಮೊದಲೇ: ಸರ್ವರ್‌ನ ರೇಡ್ ಕಾರ್ಡನ್ನು ಪತ್ತೆ ಮಾಡಿ ನೋಡಿಕೊಳ್ಳುವುದು ಹೇಗೆ?

ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕಾಗದದ ರೀಮುಗಳ ಹಿಂದೆ, ಮೂಲೆಯಲ್ಲಿ, ಮೊಣಕಾಲೆತ್ತರದ ಸರ್ವರ್ ಒಂದಿತ್ತು. ಮುಂದಿನ ಜಾಲರಿ ತೆಗೆದಾಗ ನಾಲ್ಕು ಡಿಸ್ಕ್‌ಗಳು ಕಂಡವು. ಮೂರಕ್ಕೆ ಹಸಿರು ದೀಪ, ಮೇಲಿನಿಂದ ಎರಡನೆಯದಕ್ಕೆ ಕಿತ್ತಳೆ ದೀಪ. ಯಾವಾಗಿನಿಂದ ಹೀಗಿದೆ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಮದುವೆ ಪತ್ರಿಕೆಗಳ ವಿನ್ಯಾಸ, ಲೆಕ್ಕಪತ್ರ, ಹಳೆಯ ಕಡತಗಳು ಎಲ್ಲವೂ ಎಂದಿನಂತೆ ತೆರೆದುಕೊಳ್ಳುತ್ತಿದ್ದವು. ಡಿಸ್ಕ್‌ಗಳನ್ನು ಒಟ್ಟಾಗಿ ನಡೆಸುವ ರೇಡ್ ಕಾರ್ಡ್ ಬರೆದಿಟ್ಟುಕೊಂಡಿದ್ದ ದಾಖಲೆ ನೋಡಿದಾಗ ಆ ಡಿಸ್ಕ್ ಸತ್ತು ಐದು ತಿಂಗಳಾಗಿತ್ತು. ಕಾರ್ಡ್ ಕೂಗಿ ಹೇಳಿತ್ತು ಕೂಡ. ಕಿರಿಕಿರಿಯೆಂದು ಯಾರೋ ಅಲಾರಂ ಅನ್ನೇ ಶಾಶ್ವತವಾಗಿ ಆರಿಸಿದ್ದರು.

ಬೆಂಗಳೂರಿನಲ್ಲಿ ಇಂಥ ಸರ್ವರ್‌ಗಳು ಬೇಕಾದಷ್ಟಿವೆ. ವೈಟ್‌ಫೀಲ್ಡ್‌ನ ದೊಡ್ಡ ಡೇಟಾ ಸೆಂಟರ್‌ಗಳನ್ನು ಕಾಯಲು ಹಗಲಿರುಳು ಜನರಿದ್ದಾರೆ. ಪೀಣ್ಯದ ಸಣ್ಣ ಕಾರ್ಖಾನೆ, ಮಲ್ಲೇಶ್ವರದ ಲೆಕ್ಕಪರಿಶೋಧಕರ ಕಚೇರಿ, ಬಡಾವಣೆಯ ರಕ್ತಪರೀಕ್ಷಾ ಕೇಂದ್ರಗಳ ಸರ್ವರ್‌ಗಳನ್ನು ಕಾಯುವವರು ಯಾರೂ ಇಲ್ಲ. ಈ ಲೇಖನ ಅಂಥ ಕಡೆ ಸರ್ವರ್ ನೋಡಿಕೊಳ್ಳುವ ಹೊಣೆ ಹೇಗೋ ತಲೆಗೆ ಬಿದ್ದವರಿಗಾಗಿ. ನನ್ನ ಒತ್ತಾಯ ಒಂದೇ: ಎಲ್ಲವೂ ಸರಿಯಿರುವ ದಿನವೇ ಒಳಗೆ ಏನಿದೆ ಎಂದು ತಿಳಿದು ಬರೆದಿಟ್ಟುಕೊಳ್ಳಿ. ಕೆಟ್ಟ ದಿನ ಹುಡುಕಲು ಕೂತರೆ ಕೈ ನಡುಗುತ್ತದೆ, ನಡುಗುವ ಕೈ ತಪ್ಪು ಗುಂಡಿ ಒತ್ತುತ್ತದೆ.

ನಾಲ್ಕು ಡಿಸ್ಕ್, ಒಂದೇ ಹೆಸರು

ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡಿಸ್ಕ್‌ನಂತೆ ತೋರಿಸುವ ಏರ್ಪಾಡೇ ರೇಡ್. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಈ ಹೆಸರನ್ನು ಚಲಾವಣೆಗೆ ತಂದರು. ನಿಮ್ಮಲ್ಲಿ 4 ಟೆರಾಬೈಟ್‌ನ ನಾಲ್ಕು ಡಿಸ್ಕ್‌ಗಳಿವೆ ಎನ್ನಿ. ರೇಡ್ 5 ಆದರೆ 12 ಟೆರಾಬೈಟ್ ಬಳಕೆಗೆ ಸಿಗುತ್ತದೆ, ಒಂದು ಡಿಸ್ಕ್ ಸತ್ತರೂ ತಡೆಯುತ್ತದೆ. ರೇಡ್ 6 ಆದರೆ 8 ಟೆರಾಬೈಟ್, ಯಾವ ಎರಡು ಸತ್ತರೂ ತಡೆಯುತ್ತದೆ. ರೇಡ್ 10 ಕೂಡ 8 ಟೆರಾಬೈಟ್ ಕೊಡುತ್ತದೆ. ಅದರಲ್ಲಿ ಜೋಡಿಯ ಎರಡೂ ಡಿಸ್ಕ್‌ಗಳಲ್ಲಿ ಒಂದೇ ದತ್ತಾಂಶವಿರುತ್ತದೆ; ಒಂದೇ ಜೋಡಿಯ ಎರಡೂ ಡಿಸ್ಕ್ ಹೋದರೆ ಎಲ್ಲವೂ ಹೋಯಿತು. ರೇಡ್ 0ಯಲ್ಲಿ 16 ಟೆರಾಬೈಟ್ ಪೂರ್ತಿ ಸಿಗುತ್ತದೆ, ರಕ್ಷಣೆ ಮಾತ್ರ ಏನೇನೂ ಇಲ್ಲ. ಮುಖ್ಯ ದತ್ತಾಂಶ ರೇಡ್ 0ಯಲ್ಲಿ ಕಂಡರೆ ಬೇರೆಲ್ಲ ಕೆಲಸ ಬಿಟ್ಟು ಮೊದಲು ಪ್ರತಿ ತೆಗೆದುಕೊಳ್ಳಿ.

ಯಾವ ಡಿಸ್ಕ್ ಯಾವ ಗುಂಪಿನದು, ಯಾವ ಕ್ರಮದಲ್ಲಿದೆ ಎಂಬ ವಿವರವನ್ನು ಕಾರ್ಡ್ ತನ್ನಲ್ಲೂ ಇಟ್ಟುಕೊಳ್ಳುತ್ತದೆ, ಪ್ರತಿ ಡಿಸ್ಕ್‌ನ ಮೇಲೂ ಬರೆಯುತ್ತದೆ. ಕಾರ್ಡೇ ಸುಟ್ಟುಹೋದರೂ ಅದೇ ಕುಟುಂಬದ ಇನ್ನೊಂದು ಕಾರ್ಡ್ ಹಾಕಿ ಗುಂಪನ್ನು ಮರಳಿ ಪಡೆಯಲು ಸಾಧ್ಯವಾಗುವುದು ಇದರಿಂದಲೇ. ಆ ಕುಟುಂಬ ಯಾವುದೆಂದು ನಿಮಗೆ ಗೊತ್ತಿರಬೇಕು, ಅಷ್ಟೆ.

ಮೊದಲ ಹೆಜ್ಜೆ: ಯಾವ ಕಾರ್ಡ್ ಇದೆ?

ಇಲ್ಲಿ ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪಿಸುವಾಗ ಇಂಗ್ಲಿಷ್‌ನ ಸಣ್ಣಕ್ಷರಗಳನ್ನು ಬಳಸಿ.

ಲಿನಕ್ಸ್ ಸರ್ವರ್ ಆದರೆ ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಪಿಸಿಐ' ಎಂದು ಕೊಟ್ಟು, ಬರುವ ಪಟ್ಟಿಯಲ್ಲಿ ರೇಡ್ ಎಂಬ ಪದವಿರುವ ಸಾಲನ್ನು ಹುಡುಕಿ. ಮೆಗಾರೇಡ್, ಅಡಾಪ್ಟೆಕ್, ಸ್ಮಾರ್ಟ್ ಅರೇ ಹೀಗೆ ಏನಾದರೂ ಕಾಣುತ್ತದೆ. ಬಳಿಕ 'ಎಲ್‌ಎಸ್‌ಬಿಎಲ್‌ಕೆ' ಕೊಡಿ. ಪೆಟ್ಟಿಗೆಯಲ್ಲಿ ನಾಲ್ಕು ಡಿಸ್ಕ್‌ಗಳಿದ್ದು ಇಲ್ಲಿ ಒಂದೇ ಕಂಡರೆ ಉಳಿದವನ್ನು ಕಾರ್ಡ್ ತನ್ನ ಬೆನ್ನ ಹಿಂದೆ ಇಟ್ಟುಕೊಂಡಿದೆ ಎಂದರ್ಥ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ಸ್ಟೋರೇಜ್ ಕಂಟ್ರೋಲರ್‌ಗಳ ಸಾಲನ್ನು ಬಿಡಿಸಿ ನೋಡಿದರಾಯಿತು.

ಡೆಲ್ ಸರ್ವರ್‌ಗಳಲ್ಲಿ ಪರ್ಕ್ ಎಂಬ ಹೆಸರಿನ ಕಾರ್ಡ್ ಇರುತ್ತದೆ. ಅದರ ಹೆಚ್ಚಿನ ಮಾದರಿಗಳ ಒಳಗಿರುವುದು ಮೆಗಾರೇಡ್ ಚಿಪ್. ಎಲ್‌ಎಸ್‌ಐ ಕಂಪನಿಯದಾಗಿದ್ದ ಮೆಗಾರೇಡ್ ಈಗ ಬ್ರಾಡ್‌ಕಾಮ್‌ನದು, ಹಳೆಯ ಕಾರ್ಡ್‌ಗಳ ಮೇಲೆ ಮಾತ್ರ ಇನ್ನೂ ಎಲ್‌ಎಸ್‌ಐ ಎಂದೇ ಇದೆ. ಎಚ್‌ಪಿ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಸ್ಮಾರ್ಟ್ ಅರೇ.

ಯಾವ ಕಾರ್ಡೂ ಕಾಣದಿದ್ದರೆ ರೇಡ್ ಇಲ್ಲವೆಂದು ತೀರ್ಮಾನಿಸಬೇಡಿ. ಲಿನಕ್ಸ್ ತಾನೇ ರೇಡ್ ನಡೆಸುತ್ತಿರಬಹುದು. ಪ್ರೋಕ್ ಕೋಶದಲ್ಲಿರುವ 'ಎಂಡಿಸ್ಟ್ಯಾಟ್' ಕಡತವನ್ನು ತೆರೆಯಿರಿ. ಚೌಕ ಆವರಣದೊಳಗೆ ಎರಡು ಯು ಅಕ್ಷರಗಳು ಜೊತೆಗಿದ್ದರೆ ಎರಡೂ ಡಿಸ್ಕ್ ಕ್ಷೇಮ. ಒಂದು ಯು ಇದ್ದು ಪಕ್ಕದಲ್ಲಿ ಅಡಿಗೆರೆ ಇದ್ದರೆ ಒಂದು ಡಿಸ್ಕ್ ಗುಂಪಿನಿಂದ ಬಿದ್ದುಹೋಗಿದೆ.

ಎರಡನೆಯ ಹೆಜ್ಜೆ: ಕಾರ್ಡನ್ನೇ ಮಾತನಾಡಿಸುವುದು

ಸರ್ವರ್ ಮರುಚಾಲನೆ ಮಾಡಿ, ಕಂಟ್ರೋಲ್ ಮತ್ತು ಆರ್ ಕೀಲಿಗಳನ್ನು ಒತ್ತಿ ಕಾರ್ಡ್‌ನ ನೀಲಿ ಪರದೆಗೆ ಹೋಗುವುದು ಹಳೆಯ ರೂಢಿ. ತಿಳಿದುಕೊಳ್ಳಲು ಮಾತ್ರ ಆ ದಾರಿ ಬೇಡ ಎನ್ನುತ್ತೇನೆ. ವರ್ಷಗಟ್ಟಲೆ ತಿರುಗುತ್ತಿರುವ ಹಳೆಯ ಡಿಸ್ಕ್ ಒಮ್ಮೆ ನಿಂತರೆ ಮತ್ತೆ ಏಳದಿರಬಹುದು. ಸರ್ವರ್ ಓಡುತ್ತಿರುವಾಗಲೇ ನೋಡಲು ತಯಾರಕರ ಸಲಕರಣೆಗಳಿವೆ: ಮೆಗಾರೇಡ್‌ಗೆ ಸ್ಟೋರ್‌ಸಿಎಲ್‌ಐ, ಡೆಲ್‌ಗೆ ಪರ್ಕ್‌ಸಿಎಲ್‌ಐ, ಎಚ್‌ಪಿಗೆ ಎಸ್‌ಎಸ್‌ಎಸಿಎಲ್‌ಐ, ಅಡಾಪ್ಟೆಕ್‌ಗೆ ಆರ್ಕ್‌ಕಾನ್ಫ್. ಸರ್ವರನ್ನು ದೂರದಿಂದ ನೋಡಿಕೊಳ್ಳಲು ಇರುವ ಡೆಲ್‌ನ ಐಡ್ರಾಕ್ ಅಥವಾ ಎಚ್‌ಪಿಯ ಐಲೋ ಇದ್ದರೆ ಬ್ರೌಸರ್‌ನಲ್ಲೇ ಡಿಸ್ಕ್‌ಗಳ ಸ್ಥಿತಿ ಕಾಣುತ್ತದೆ.

ಸ್ಟೋರ್‌ಸಿಎಲ್‌ಐಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಹೆಸರಿನ ಮುಂದೆ ಜಾಗ ಬಿಟ್ಟು ಒಂದು ಓರೆಗೆರೆ, ಸಿ ಅಕ್ಷರ, ಸೊನ್ನೆ, ಮತ್ತೆ ಜಾಗ ಬಿಟ್ಟು ಶೋ ಎಂಬ ಪದ ಕೊಡಿ. ಮೊದಲ ಕಾರ್ಡ್‌ನ ಇಡೀ ಜಾತಕ ಪರದೆಗೆ ಬರುತ್ತದೆ. ಅದರಲ್ಲಿ ಎರಡು ಕೋಷ್ಟಕಗಳನ್ನು ನಿಧಾನವಾಗಿ ಓದಬೇಕು.

ಒಂದು ವರ್ಚುವಲ್ ಡ್ರೈವ್‌ಗಳದು, ಅಂದರೆ ಗುಂಪುಗಳದು. ರೇಡ್ ಮಟ್ಟ ಯಾವುದೆಂದು ಇಲ್ಲಿ ತಿಳಿಯುತ್ತದೆ. ಸ್ಥಿತಿಯ ಕಾಲಮ್‌ನಲ್ಲಿ 'ಆಪ್ಟ್ಲ್' ಎಂದಿದ್ದರೆ ಆಪ್ಟಿಮಲ್, ಎಲ್ಲವೂ ಸರಿ. 'ಡಿಜಿಆರ್‌ಡಿ' ಎಂದಿದ್ದರೆ ಡಿಗ್ರೇಡೆಡ್, ಗುಂಪು ಒಂಟಿ ಕಾಲಿನಲ್ಲಿ ನಿಂತಿದೆ. ಇನ್ನೊಂದು ಕೋಷ್ಟಕ ಬಿಡಿ ಡಿಸ್ಕ್‌ಗಳದು. ಅಲ್ಲಿ ಪ್ರತಿ ಸಾಲಿನ ಆರಂಭದಲ್ಲಿ 252:1 ಎಂಬಂಥ ಜೋಡಿ ಅಂಕಿ ಇರುತ್ತದೆ. ಮೊದಲನೆಯದು ಡಿಸ್ಕ್‌ಗಳನ್ನು ಕೂರಿಸಿದ ಚೌಕಟ್ಟಿನ ಸಂಖ್ಯೆ, ಎರಡನೆಯದು ಗೂಡಿನ ಸಂಖ್ಯೆ. 4 ಟೆರಾಬೈಟ್ ಡಿಸ್ಕ್ ಇಲ್ಲಿ 3.637 ಎಂದು ಕಾಣುತ್ತದೆ. ಗಾಬರಿ ಬೇಡ, ಅದು ಎಣಿಕೆಯ ಕ್ರಮದ ವ್ಯತ್ಯಾಸ.

ಗೂಡುಗಳ ಎಣಿಕೆ ಸಾಮಾನ್ಯವಾಗಿ ಸೊನ್ನೆಯಿಂದ ಶುರುವಾಗುತ್ತದೆ. ಗೂಡು 1 ಕೆಟ್ಟಿದೆ ಎಂದು ಕಾರ್ಡ್ ಹೇಳಿದರೆ ಅದು ಮೇಲಿನಿಂದ ಎರಡನೆಯದು. ನಾವು ಮನುಷ್ಯರು ಒಂದರಿಂದ ಎಣಿಸಿ ಮೊದಲನೆಯದಕ್ಕೆ ಕೈ ಹಾಕುತ್ತೇವೆ. ಈಗಾಗಲೇ ಒಂದು ಡಿಸ್ಕ್ ಕಳೆದುಕೊಂಡ ರೇಡ್ 5ರಿಂದ ಒಳ್ಳೆಯ ಡಿಸ್ಕನ್ನು ಎಳೆದರೆ ಇಡೀ ಗುಂಪು ಆ ಕ್ಷಣವೇ ಮಲಗುತ್ತದೆ. ಆದ್ದರಿಂದ ಎಣಿಕೆಯನ್ನು ನಂಬದೆ ದೀಪವನ್ನು ಮಿನುಗಿಸಿ ನೋಡಿ. ಓರೆಗೆರೆ ಸಿ ಸೊನ್ನೆ, ಓರೆಗೆರೆ ಇ 252, ಓರೆಗೆರೆ ಎಸ್ 1, ಇಷ್ಟನ್ನು ಜಾಗ ಬಿಡದೆ ಬರೆದು, ಆಮೇಲೆ 'ಸ್ಟಾರ್ಟ್ ಲೊಕೇಟ್' ಎಂದು ಕೊಟ್ಟರೆ ಆ ಗೂಡಿನ ದೀಪ ಮಿನುಗತೊಡಗುತ್ತದೆ. ಡಿಸ್ಕ್‌ನ ಸರಣಿ ಸಂಖ್ಯೆಯನ್ನೂ ಪರದೆಯಲ್ಲಿ ಕಂಡದ್ದಕ್ಕೆ ಹೋಲಿಸಿದರೆ ಇನ್ನೂ ಒಳ್ಳೆಯದು.

ಕ್ಯಾಶೆ ಮತ್ತು ಕರೆಂಟು

ಗುಂಪುಗಳ ಕೋಷ್ಟಕದಲ್ಲೇ 'ಆರ್‌ಡಬ್ಲ್ಯುಬಿಡಿ' ಎಂಬಂಥ ಅಕ್ಷರಗಳ ಗುಂಪೊಂದಿದೆ. ಬೇಸಿಗೆ ಮಳೆಗೆ ಕರೆಂಟು ಹೋಗಿಬರುವ ನಮ್ಮ ಊರಿನಲ್ಲಿ ಇದನ್ನು ಕಡೆಗಣಿಸಬಾರದು. ನಡುವಿನ ಡಬ್ಲ್ಯುಬಿ ಎಂದರೆ ರೈಟ್ ಬ್ಯಾಕ್. ಬರೆಯಬೇಕಾದ್ದನ್ನು ಕಾರ್ಡ್ ತನ್ನ ಮೆಮೊರಿಗೆ, ಅಂದರೆ ಕ್ಯಾಶೆಗೆ, ಹಾಕಿಕೊಂಡು, ಡಿಸ್ಕ್‌ಗೆ ತಲುಪುವ ಮೊದಲೇ 'ಬರೆದಾಯಿತು' ಎಂದುಬಿಡುತ್ತದೆ. ವೇಗ ಬರುವುದು ಅದರಿಂದ. ನಡುವೆ ಕರೆಂಟು ಹೋದರೆ ಆ ಮೆಮೊರಿಯನ್ನು ಉಳಿಸಲು ಕಾರ್ಡ್‌ಗೆ ಪುಟ್ಟ ಬ್ಯಾಟರಿಯೋ, ಹೊಸ ಮಾದರಿಗಳಲ್ಲಿ ಕೆಪಾಸಿಟರ್ ಮತ್ತು ಫ್ಲ್ಯಾಶ್ ಮೆಮೊರಿಯ ಜೋಡಿಯೋ ಇರುತ್ತದೆ.

ಬ್ಯಾಟರಿ ಸೊರಗಿದರೆ ಕಾರ್ಡ್ ಸಾಮಾನ್ಯವಾಗಿ ತಾನಾಗಿ ಡಬ್ಲ್ಯುಟಿಗೆ, ಅಂದರೆ ರೈಟ್ ಥ್ರೂಗೆ ಇಳಿಯುತ್ತದೆ. ಪ್ರತಿಯೊಂದೂ ಡಿಸ್ಕ್ ಮುಟ್ಟಿದ ಮೇಲೆಯೇ ಉತ್ತರ ಕೊಡುತ್ತದೆ. 'ಸರ್ವರ್ ಇದ್ದಕ್ಕಿದ್ದಂತೆ ನಿಧಾನವಾಗಿದೆ' ಎಂಬ ದೂರಿನ ಬೆನ್ನು ಹತ್ತಿ ಹೋದಾಗ ಎಷ್ಟೋ ಬಾರಿ ಇದೇ ಸಿಕ್ಕಿದೆ. ಆಗ ಬೇಕಾದದ್ದು ಹೊಸ ಬ್ಯಾಟರಿ. ವೇಗದ ಆಸೆಗೆ ಎಡಬ್ಲ್ಯುಬಿ, ಅಂದರೆ 'ಸದಾ ರೈಟ್ ಬ್ಯಾಕ್' ಆಯ್ಕೆಯನ್ನು ಒತ್ತಬೇಡಿ. ಅದು ಬ್ಯಾಟರಿ ಇಲ್ಲದಿದ್ದರೂ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಯುಪಿಎಸ್ ಇದೆಯಲ್ಲ ಎನ್ನುವವರಿದ್ದಾರೆ. ಯುಪಿಎಸ್‌ಗೂ ವಯಸ್ಸಾಗುತ್ತದೆ, ತಂತಿಯನ್ನು ಯಾರಾದರೂ ಎಡವುತ್ತಾರೆ.

ಬರೆದಿಡುವುದು

ಕಂಡದ್ದೆಲ್ಲವನ್ನೂ ಒಂದು ಕಡತಕ್ಕೆ ಉಳಿಸಿ, ಆ ಸರ್ವರ್‌ನಿಂದ ಹೊರಗೆ ಕಳುಹಿಸಿ. ಮಿಂಚಂಚೆಯಾದರೂ ಸರಿ, ಪೆನ್‌ಡ್ರೈವ್ ಆದರೂ ಸರಿ. ಕಾರ್ಡ್‌ನ ಮಾದರಿ, ಫರ್ಮ್‌ವೇರ್ (ಕಾರ್ಡ್‌ನೊಳಗಿನ ತಂತ್ರಾಂಶ) ಆವೃತ್ತಿ, ರೇಡ್ ಮಟ್ಟ, ಸ್ಟ್ರೈಪ್ (ಡಿಸ್ಕ್‌ಗಳಿಗೆ ಹಂಚುವ ದತ್ತಾಂಶದ ತುಂಡು) ಅಳತೆ, ಪ್ರತಿ ಗೂಡಿನ ಡಿಸ್ಕ್‌ನ ಸರಣಿ ಸಂಖ್ಯೆ ಇವಿಷ್ಟನ್ನು ಒಂದು ಹಾಳೆಯಲ್ಲಿ ಮುದ್ರಿಸಿಯೂ ಇಡಿ.

'ಫಾರಿನ್' ಎಂದಾಗ

ಸರ್ವರ್ ಏಳುವಾಗ ಒಮ್ಮೊಮ್ಮೆ 'ಫಾರಿನ್ ಕಾನ್ಫಿಗರೇಷನ್ ಕಂಡುಬಂದಿದೆ' ಎಂಬ ಸೂಚನೆ ಬರುತ್ತದೆ. ಡಿಸ್ಕ್‌ನ ಮೇಲಿರುವ ಬರಹಕ್ಕೂ ಕಾರ್ಡ್‌ನ ನೆನಪಿಗೂ ತಾಳೆಯಾಗುತ್ತಿಲ್ಲ ಎಂದಷ್ಟೇ ಅದರ ಅರ್ಥ. ಕಾರ್ಡ್ ಬದಲಾಯಿಸಿದಾಗ, ಕೇಬಲ್ ಸಡಿಲವಾಗಿ ಡಿಸ್ಕ್ ಮರೆಯಾಗಿ ಬಂದಾಗ, ಬೇರೆ ಸರ್ವರ್‌ನ ಡಿಸ್ಕ್ ಹಾಕಿದಾಗ ಹೀಗಾಗುತ್ತದೆ. ಎದುರಿಗೆ ಎರಡು ಆಯ್ಕೆಗಳಿರುತ್ತವೆ: ಇಂಪೋರ್ಟ್ ಮತ್ತು ಕ್ಲಿಯರ್. ಕ್ಲಿಯರ್ ಎಂದರೆ ಎಚ್ಚರಿಕೆಯ ಸಂದೇಶವನ್ನು ಅಳಿಸುವುದಲ್ಲ, ಡಿಸ್ಕ್‌ನ ಮೇಲಿರುವ ಗುಂಪಿನ ವಿವರವನ್ನೇ ಅಳಿಸುವುದು. ಇದನ್ನು ತಪ್ಪಾಗಿ ತಿಳಿದು ವರ್ಷಗಳ ಲೆಕ್ಕಪತ್ರ ಕಳೆದುಕೊಂಡವರ ಎದುರು ನಾನು ಕುಳಿತಿದ್ದೇನೆ, ಅವರಿಗೆ ಹೇಳಲು ಮಾತು ಸಿಗುವುದಿಲ್ಲ.

ಕಾರ್ಡ್ ಬದಲಾಗಿ ಎಲ್ಲ ಡಿಸ್ಕ್‌ಗಳೂ ಫಾರಿನ್ ಎಂದು ಕಂಡರೆ ಮುನ್ನೋಟ ನೋಡಿ, ನಿಮ್ಮ ಹಾಳೆಗೆ ಹೋಲಿಸಿ, ಇಂಪೋರ್ಟ್ ಮಾಡಬಹುದು. ಒಂದೇ ಡಿಸ್ಕ್ ಫಾರಿನ್ ಎಂದು ಕಂಡರೆ ನಿಲ್ಲಿ. ಅದು ಎಷ್ಟು ದಿನದಿಂದ ಗುಂಪಿನ ಹೊರಗಿತ್ತೆಂದು ಕಾರ್ಡ್‌ನ ದಾಖಲೆಯಲ್ಲಿ ನೋಡಿ. ಹಳಸಿದ ದತ್ತಾಂಶವಿರುವ ಡಿಸ್ಕನ್ನು ಗುಂಪಿಗೆ ಎಳೆದು ತಂದರೆ ಒಳ್ಳೆಯದೂ ಕೆಡಬಹುದು. ಇದ್ದುದನ್ನು ಅಳಿಸಿ ಗುಂಪನ್ನು ಹೊಸದಾಗಿ ಸಿದ್ಧಪಡಿಸುವ 'ಇನಿಷಿಯಲೈಸ್' ಎಂಬ ಪದ ಕಂಡಲ್ಲೂ ಕೈ ಹಿಂದಕ್ಕೆ ತೆಗೆಯಿರಿ.

ಡಿಸ್ಕ್ ಬದಲಾವಣೆ

ಬದಲಿ ಡಿಸ್ಕ್ ಹಳೆಯದರಷ್ಟೇ ದೊಡ್ಡದಿರಬೇಕು ಅಥವಾ ಇನ್ನೂ ದೊಡ್ಡದಿರಬೇಕು. ಸಂಪರ್ಕದ ಬಗೆಯೂ ಅದೇ ಇರಬೇಕು: ಗುಂಪು ಎಸ್‌ಎಎಸ್ ಡಿಸ್ಕ್‌ಗಳದಾದರೆ ಎಸ್‌ಎಎಸ್, ಸಾಟಾದ್ದಾದರೆ ಸಾಟಾ. ಎಸ್.ಪಿ. ರಸ್ತೆಯಲ್ಲಿ ಬಳಸಿದ ಡಿಸ್ಕ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ. ಕೊಳ್ಳುವುದಾದರೆ ಅಂಗಡಿಯಲ್ಲೇ ಕಂಪ್ಯೂಟರ್‌ಗೆ ಹಾಕಿಸಿ, ಎಷ್ಟು ಗಂಟೆ ಓಡಿದೆ, ಎಷ್ಟು ಸೆಕ್ಟರ್ (ಡಿಸ್ಕ್‌ನ ಸಣ್ಣ ತುಣುಕು) ಕೆಟ್ಟು ಬದಲಾಗಿವೆ ಎಂದು, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ 'ಸ್ಮಾರ್ಟ್' ವರದಿಯಲ್ಲಿ ನೋಡಿ. ಹಿಂದಿನ ರೇಡ್‌ನ ಬರಹ ಅದರಲ್ಲಿ ಉಳಿದಿದ್ದರೆ ನಿಮ್ಮ ಕಾರ್ಡ್ ಅದನ್ನೂ ಫಾರಿನ್ ಎನ್ನುತ್ತದೆ. ಕ್ಲಿಯರ್ ಸರಿಯಾಗಿ ಬಳಕೆಯಾಗುವುದು ಇಂಥಲ್ಲಿ, ಅದೂ ಬೇರೆ ಯಾವ ಡಿಸ್ಕೂ ಫಾರಿನ್ ಎಂದು ತೋರದಿದ್ದಾಗ ಮಾತ್ರ. ಸಾಟಾ ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ ಮಾದರಿಯದನ್ನು ಬಿಟ್ಟುಬಿಡಿ. ಅದರ ಪಟ್ಟಿಗಳು ಹೆಂಚಿನಂತೆ ಒಂದರ ಮೇಲೊಂದು ಹೊದ್ದಿರುವುದರಿಂದ ರೀಬಿಲ್ಡ್‌ನಲ್ಲಿ, ಅಂದರೆ ಹೊಸ ಡಿಸ್ಕನ್ನು ತುಂಬಿಸುವಾಗ, ವಿಪರೀತ ನಿಧಾನ.

ಮೊದಲು ಪೂರ್ತಿ ಬ್ಯಾಕಪ್ ತೆಗೆಯಿರಿ, ಬೇರೆಲ್ಲ ಆಮೇಲೆ. ರೀಬಿಲ್ಡ್ ಎಂದರೆ ಉಳಿದ ಡಿಸ್ಕ್‌ಗಳನ್ನು ತುದಿಯಿಂದ ತುದಿಯವರೆಗೆ ಓದಿ ಹೊಸದನ್ನು ತುಂಬುವುದು. 4 ಟೆರಾಬೈಟನ್ನು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ತುಂಬಿದರೂ ಏಳು ಗಂಟೆ ದಾಟುತ್ತದೆ. ಕಚೇರಿ ಕೆಲಸವೂ ನಡೆಯುತ್ತಿದ್ದರೆ ಇನ್ನೂ ಹೆಚ್ಚು. ಜೊತೆಯಲ್ಲೇ ಕೊಂಡು ಒಟ್ಟಿಗೆ ಮುದಿಯಾದ ಡಿಸ್ಕ್‌ಗಳಿಗೆ ಅದು ದೊಡ್ಡ ದುಡಿಮೆ, ಎರಡನೆಯದು ಬೀಳುವುದು ಆಗಲೇ. ಈ ಕಾರಣಕ್ಕೆ ದೊಡ್ಡ ಡಿಸ್ಕ್‌ಗಳಿಗೆ ರೇಡ್ 5ಕ್ಕಿಂತ ರೇಡ್ 6 ಅಥವಾ 10 ಮೇಲು ಎಂಬುದು ನನ್ನ ಅಭಿಪ್ರಾಯ. ಅಳಿಸಿದ ಕಡತವಾಗಲಿ, ಸುಲಿಗೆ ವೈರಸ್ ಬೀಗ ಹಾಕಿದ ಕಡತವಾಗಲಿ ಯಾವ ರೇಡ್‌ನಿಂದಲೂ ಮರಳಿ ಬರುವುದಿಲ್ಲ, ಹಾಗಾಗಿ ಬ್ಯಾಕಪ್ ಯಾವತ್ತೂ ಬೇರೆಯೇ ಇರಬೇಕು.

ಕೆಟ್ಟ ಡಿಸ್ಕನ್ನು ಅರ್ಧ ಎಳೆದು, ತಿರುಗುವುದು ನಿಲ್ಲಲು ಅರ್ಧ ನಿಮಿಷ ಕೊಟ್ಟು, ಆಮೇಲೆ ಹೊರತೆಗೆಯಿರಿ. ಹೊಸದನ್ನು ಅದೇ ಗೂಡಿಗೆ ಹಾಕಿದರೆ ಹೆಚ್ಚಿನ ಕಾರ್ಡ್‌ಗಳಲ್ಲಿ ರೀಬಿಲ್ಡ್ ತಾನಾಗಿ ಶುರುವಾಗುತ್ತದೆ. ದೀಪ ಮಿನುಗಿಸಿದಾಗಿನಂತೆಯೇ ಗೂಡಿನ ಗುರುತು ಬರೆದು 'ಶೋ ರೀಬಿಲ್ಡ್' ಕೊಟ್ಟರೆ ಶೇಕಡಾ ಎಷ್ಟಾಯಿತೆಂದು ತಿಳಿಯುತ್ತದೆ.

ಮುದ್ರಣಾಲಯದಲ್ಲಿ ಶನಿವಾರ ಸಂಜೆ, ಕೊನೆಯ ಯಂತ್ರ ನಿಂತ ಮೇಲೆ ಹೊಸ ಡಿಸ್ಕ್ ಹಾಕಿದೆವು. ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾಲ್ಕೂ ದೀಪ ಹಸಿರಾದವು. ಬಳಿಕ ಅಲಾರಂ ಅನ್ನು ಮತ್ತೆ ಚಾಲೂ ಮಾಡಿ, ಸದ್ದನ್ನು ಆ ಹೊತ್ತಿಗೆ ಮಾತ್ರ ನಿಲ್ಲಿಸುವ 'ಸೈಲೆನ್ಸ್' ಆದೇಶಕ್ಕೂ ಶಾಶ್ವತವಾಗಿ ಮುಚ್ಚುವ 'ಆಫ್' ಆದೇಶಕ್ಕೂ ಇರುವ ವ್ಯತ್ಯಾಸವನ್ನು ಅಲ್ಲಿನ ಹುಡುಗನಿಗೆ ತೋರಿಸಿದೆ. ವಾರಕ್ಕೊಮ್ಮೆ ಡಿಸ್ಕ್‌ಗಳನ್ನು ಓದಿ ಪರೀಕ್ಷಿಸುವ ಪ್ಯಾಟ್ರೋಲ್ ರೀಡ್ ನಡೆಯುತ್ತಿದೆಯೇ ಎಂದು ನೋಡಿದೆವು. ಮುದ್ರಿಸಿದ ಹಾಳೆಯ ಒಂದು ಪ್ರತಿಯನ್ನು ಮಾಲೀಕರು ಮನೆಗೆ ಒಯ್ದರು, ಇನ್ನೊಂದನ್ನು ಸರ್ವರ್ ಮೇಲಿನ ಗೋಡೆಗೆ ಅಂಟಿಸಿದರು. ಕೆಳಗೆ ಪ್ರತಿ ಸೋಮವಾರ ದಿನಾಂಕ ಬರೆದು ಸಹಿ ಹಾಕಲು ಗೆರೆ ಎಳೆದಿದ್ದಾರೆ.