ಹೊಸಬರಿಗೆ ಮಾರ್ಗದರ್ಶಿ: ಅಡುಗೆಮನೆಗೆ ಏನು ಬೇಕು, ಏನು ಬೇಡ

ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಜಾಸ್ತಿ ಪಾತ್ರೆ ತುರುಕಿಕೊಂಡು ವಿದೇಶಕ್ಕೆ ಬಂದವರಲ್ಲಿ ನಾನೂ ಒಬ್ಬಳು. ಅದರಲ್ಲಿ ಅರ್ಧ ಇವತ್ತಿಗೂ ಅಟ್ಟದ ಮೇಲಿದೆ. ನೀವೂ ತಂದಿರುತ್ತೀರಿ, ಗೊತ್ತು. ತಂದದ್ದನ್ನು ಬೈಯುವುದಿಲ್ಲ. ಆದರೆ ಹೊಸದನ್ನು ಕೊಳ್ಳುವ ಮೊದಲು ಇದನ್ನು ಓದಿ.

ಮಿಕ್ಸಿ

ಅಡಾಪ್ಟರ್ ಹಾಕಿದರೆ ಪ್ಲಗ್ಗಿನ ಆಕಾರ ಬದಲಾಗುತ್ತದೆ, ವೋಲ್ಟೇಜ್ ಅಲ್ಲ. 230 ವೋಲ್ಟಿನ ಮಿಕ್ಸಿ 120 ವೋಲ್ಟಿನಲ್ಲಿ ನರಳುತ್ತದೆ, ರುಬ್ಬುವುದಿಲ್ಲ. 120 ವೋಲ್ಟಿನದನ್ನು 230ಕ್ಕೆ ಹಾಕಿದರೆ ಸುಟ್ಟೇ ಹೋಗುತ್ತದೆ. ತಳದ ಚೀಟಿ ಓದಿ.

ಮೊದಲ ತಿಂಗಳಿಗೆ ಇಷ್ಟು ಸಾಕು

- ಒಂದು ಒಳ್ಳೆಯ ಚಾಕು, ಸಾಣೆಕಲ್ಲು
- ಹೆಚ್ಚುವ ಹಲಗೆ ಎರಡು (ಹಸಿ ಮಾಂಸಕ್ಕೆ ಬೇರೆ)
- ದಪ್ಪ ತಳದ ಅಗಲ ಸ್ಟೀಲ್ ಪಾತ್ರೆ
- 1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ
- ಥರ್ಮಾಮೀಟರ್
- ಸೌಟು, ಜರಡಿ, ಅಗಲ ಬಾಯಿಯ ಆಲಿಕೆ, ಇಕ್ಕಳ

ತಕ್ಕಡಿ ಯಾಕೆ, ನಮಗೆ ಕೈಯಳತೆ ಇದೆಯಲ್ಲ ಅನ್ನುತ್ತೀರಿ. ದಿನದ ಅಡುಗೆಗೆ ಇರಲಿ, ಅದು ನಮ್ಮ ಹೆಮ್ಮೆಯೇ. ಬಾಟಲಿಗೆ ತುಂಬಿ ತಿಂಗಳುಗಟ್ಟಲೆ ಇಡುವುದಕ್ಕೆ ಮಾತ್ರ ಬೇಡ. ಒಂದು ಕಪ್ ಪುಡಿ ಉಪ್ಪು, ಒಂದು ಕಪ್ ಕಲ್ಲುಪ್ಪು ತೂಕದಲ್ಲಿ ಒಂದೇ ಅಲ್ಲ. ಕಪ್ ಕೂಡ ಒಂದು ಕಡೆ 240 ಮಿಲಿ, ಇನ್ನೊಂದು ಕಡೆ 250.

ಹುಳಿ, ಉಪ್ಪು ಇರುವ ಯಾವುದನ್ನೂ ಅಲ್ಯೂಮಿನಿಯಂ, ಕಬ್ಬಿಣ ಅಥವಾ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ಕುದಿಸಬೇಡಿ. ಲೋಹ ಅಡುಗೆಗೆ ಇಳಿಯುತ್ತದೆ. ಸ್ಟೀಲ್ ಅಥವಾ ಎನಾಮೆಲ್ ಸಾಕು. ಜಾಮಿಗೆ ಪಾತ್ರೆ ಎತ್ತರಕ್ಕಿಂತ ಅಗಲ ಇರಲಿ, ನೀರು ಬೇಗ ಆರುತ್ತದೆ. ಸಮುದ್ರಮಟ್ಟದ ಊರಿನಲ್ಲಿ 104-105 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪಾಕ ಬಂತು ಅಂತ ಲೆಕ್ಕ.

ಇಂಡಕ್ಷನ್ ಒಲೆ ಇದ್ದರೆ ಅಂಗಡಿಗೆ ಆಯಸ್ಕಾಂತ ತೆಗೆದುಕೊಂಡು ಹೋಗಿ. ಪಾತ್ರೆಯ ತಳಕ್ಕೆ ಅಂಟದಿದ್ದರೆ ಬೇಡ.

ಬಾಟಲಿ, ಕುಕ್ಕರ್ (ಇದನ್ನು ದಯವಿಟ್ಟು ಪೂರ್ತಿ ಓದಿ)

ಬಂದ ಮೊದಲ ವರ್ಷ ಬೀನ್ಸ್ ರಾಶಿ ಸಿಕ್ಕಿತ್ತು. ಹದಿನಾಲ್ಕು ಬಾಟಲಿ ತುಂಬಿದೆ. ಕಂತು ಕಂತಾಗಿ ಮನೆಯ ಕುಕ್ಕರಿನಲ್ಲಿಟ್ಟು ಮೂರು ಮೂರು ಕೂಗು ಕೂಗಿಸಿದೆ. ಕಪಾಟಿನಲ್ಲಿ ಸಾಲಾಗಿ ಜೋಡಿಸಿ ಎಲ್ಲರಿಗೂ ಫೋಟೋ ಕಳಿಸಿದೆ. ಇಲ್ಲಿನ ನಮ್ಮವರ ಸಂಘದ ಹಿರಿಯರೊಬ್ಬರು, ನಾವೆಲ್ಲ ಅಕ್ಕ ಅನ್ನುತ್ತೇವೆ, ಫೋಟೋ ನೋಡಿ ಸೀದಾ ಮನೆಗೇ ಬಂದರು. ಹದಿನಾಲ್ಕನ್ನೂ ಎಸೆಸಿದರು. ಒಂದನ್ನಾದರೂ ರುಚಿ ನೋಡೋಣ ಅಂದರೆ ಅದಕ್ಕೂ ಬಿಡಲಿಲ್ಲ. ಆ ದಿನ ಅವರಿಗೆ ಕಾಫಿ ಕೂಡ ಕೊಡಲಿಲ್ಲ ನಾನು, ಅಷ್ಟು ಸಿಟ್ಟು.

ಅವರು ಹೇಳಿದ್ದು ಇಷ್ಟು. ಮಣ್ಣಿನಲ್ಲಿರುವ ಬೊಟುಲಿನಮ್ ಅನ್ನುವ ಸೂಕ್ಷ್ಮಜೀವಿಯ ಬೀಜಾಣು ಕುದಿಯುವ ನೀರಿಗೆ ಬಗ್ಗುವುದಿಲ್ಲ. ಗಾಳಿಯಿಲ್ಲದ, ಹುಳಿಯಿಲ್ಲದ ಬಾಟಲಿಯೊಳಗೆ ಅದು ಬೆಳೆದು ವಿಷ ಮಾಡುತ್ತದೆ. ಆ ವಿಷಕ್ಕೆ ಬಣ್ಣ, ವಾಸನೆ ಏನೂ ಇರಬೇಕೆಂದಿಲ್ಲ. ಬೀಜಾಣು ಸಾಯಲು 116ರಿಂದ 121 ಡಿಗ್ರಿ ಶಾಖ ಬೇಕು, ಅದೂ ಸಾಕಷ್ಟು ಹೊತ್ತು. ಪಿಎಚ್ 4.6ಕ್ಕಿಂತ ಕಡಿಮೆ ಇದ್ದರೆ, ಅಂದರೆ ಹುಳಿ ಸಾಕಷ್ಟಿದ್ದರೆ, ಅದು ಬೆಳೆಯುವುದಿಲ್ಲ. ಹಾಗಾಗಿ ಹುಳಿ ಹಣ್ಣು, ಜಾಮ್, ವಿನೆಗರ್ ಹಾಕಿದ್ದಕ್ಕೆ ಕುದಿಯುವ ನೀರು ಸಾಕು. ಬೀನ್ಸ್, ಮೆಕ್ಕೆಜೋಳ, ಮಾಂಸ, ಸಾರಿನಂಥವಕ್ಕೆ ಪ್ರೆಶರ್ ಕ್ಯಾನರೇ (ತುಂಬಿದ ಬಾಟಲಿಗಳನ್ನು ಒತ್ತಡದ ಆವಿಯಲ್ಲಿ ಕಾಯಿಸುವ ದೊಡ್ಡ ಪಾತ್ರೆ) ಬೇಕು. ಟೊಮೆಟೊ ನಡುವೆ ನಿಲ್ಲುತ್ತದೆ. ಲೀಟರ್ ಬಾಟಲಿಗೆ 2 ಟೇಬಲ್ ಚಮಚ ನಿಂಬೆರಸ ಹಾಕಿ, ಅದೂ ಅಂಗಡಿಯ ಬಾಟಲಿಯದ್ದೇ. ತಾಜಾ ನಿಂಬೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಬೇರೆ.

ಕುಕ್ಕರ್ ಬೇರೆ, ಕ್ಯಾನರ್ ಬೇರೆ. ನಮ್ಮ ಕುಕ್ಕರ್ ಚಿಕ್ಕದು, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕ್ಯಾನರಿನ ಸಮಯದ ಪಟ್ಟಿಗಳು ಆ ವೇಗಕ್ಕೆ ಹಾಕಿದ್ದಲ್ಲ. ಲೀಟರಿನ ನಾಲ್ಕು ಬಾಟಲಿಯಾದರೂ ನಿಲ್ಲುವಷ್ಟು ದೊಡ್ಡದನ್ನೇ ಕೊಳ್ಳಿ. ಹತ್ತು ನಿಮಿಷ ಆವಿ ಬಿಟ್ಟ ಮೇಲೆ ಆವಿಯ ತೂತಿನ ಮೇಲೆ ತೂಕದ ಬಿಲ್ಲೆ ಇಡಬೇಕು. ಆಮೇಲೆ ಒತ್ತಡ ಏರಿದ ಹೊತ್ತಿನಿಂದ ನಿಮಿಷದ ಲೆಕ್ಕ. ಕೂಗಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮುಗಿದ ಮೇಲೆ ನಲ್ಲಿ ಕೆಳಗೆ ಹಿಡಿದು ತಣಿಸುವ ನಮ್ಮ ಚಾಳಿ ಬಿಡಿ, ತಾನಾಗಿ ಆರಲಿ. ಒತ್ತಡ ತೋರಿಸುವ ಮುಳ್ಳಿನ ಗೇಜ್ ಇದ್ದರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ತೂಕದ್ದಕ್ಕೆ ಆ ತಾಪತ್ರಯ ಇಲ್ಲ, ನನ್ನ ಮತ ಅದಕ್ಕೇ. ಊರು ಎತ್ತರದಲ್ಲಿದ್ದರೆ ಕ್ಯಾನರಿನಲ್ಲಿ ಒತ್ತಡವನ್ನು, ಕುದಿಯುವ ನೀರಿನಲ್ಲಾದರೆ ಸಮಯವನ್ನು ಹೆಚ್ಚಿಸಬೇಕು. ಅಲ್ಲಿ ನೀರು 300 ಮೀಟರಿಗೆ ಸುಮಾರು 1 ಡಿಗ್ರಿ ಮೊದಲೇ ಕುದಿಯುತ್ತದೆ.

ನೀರಿನಲ್ಲಿ ಕುದಿಸುವ ಪಾತ್ರೆಗೆ ಮೊದಲು ಬಾಟಲಿ ಕೊಳ್ಳಿ, ಆಮೇಲೆ ಪಾತ್ರೆ. ಬಾಟಲಿಯ ಎತ್ತರಕ್ಕೆ 8 ಸೆಂಟಿಮೀಟರ್ ಸೇರಿಸಿ. ಕೆಳಗೆ ಜಾಲರಿ ಬೇಕು, ಮುಚ್ಚಳದ ಮೇಲೆ ಎರಡೂವರೆ ಸೆಂಟಿಮೀಟರ್ ನೀರು ನಿಲ್ಲಬೇಕು, ಕುದಿಯಲು ಜಾಗ ಬೇಕು. ಜಾಲರಿ ಇಲ್ಲದೆ ಇಟ್ಟರೆ ಬಾಟಲಿ ತಳ ಒಡೆಯುತ್ತದೆ. ಈ ಬಾಟಲಿಗಳ ಮುಚ್ಚಳಕ್ಕೆ ಎರಡು ಭಾಗ. ಚಪ್ಪಟೆ ಮುಚ್ಚಳ ಒಂದೇ ಸಲಕ್ಕೆ, ಸುತ್ತಿನ ಬಳೆ ಎಷ್ಟು ಸಲಕ್ಕೂ ಆಗುತ್ತದೆ. ಖಾಲಿ ಸಾಸ್ ಬಾಟಲಿಗಳನ್ನು ಎಸೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ, ಅಲ್ವಾ? ಫ್ರಿಜ್ಜಿಗೆ ಇಟ್ಟುಕೊಳ್ಳಿ, ಕುದಿಸಲು ಬೇಡ.

ಸಂಘದಲ್ಲಿ ಒಂದು ಕ್ಯಾನರ್ ಇದೆ. ಸುಮ್ನೆ ಕೊಳ್ಳುವ ಮೊದಲು ಒಂದು ವಾರ ಕೇಳಿ ಪಡೆಯಿರಿ. ತೊಳೆದು, ಗ್ಯಾಸ್ಕೆಟ್ ಒರೆಸಿ, ತೂಕದ ಬಿಲ್ಲೆ ಒಳಗಿಟ್ಟು ವಾಪಸ್ ಕೊಡಿ. ಹೋದ ಸಲ ಯಾರೋ ಬಿಲ್ಲೆ ಮನೆಯಲ್ಲೇ ಮರೆತಿದ್ದರು. ಎರಡು ತಿಂಗಳು ಯಾರಿಗೂ ಉಪಯೋಗಕ್ಕೆ ಬರಲಿಲ್ಲ.